ನನ್ನ ವಿಭಾಗದ ಕೊನೆಯ ವಿದ್ಯಾರ್ಥಿನಿ

ಇತಿಹಾಸದ ಮೇಷ್ಟ್ರಿಗೆ ಒಂದು ಅನುಕೂಲವಿದೆ. ಅವನು ವಿವರಿಸುವ ಅವನತಿಯೆಲ್ಲ ಬೇರೆಯವರದು. ಆದಿಲ್‌ಶಾಹಿ ಏಕೆ ಬಿತ್ತು ಎಂಬುದನ್ನು ನಾನು ವರ್ಷಾನುಗಟ್ಟಲೆ ಅಂಶ ಒಂದು, ಅಂಶ ಎರಡು ಎಂದು ಬರೆಸಿದವನು. ಬರೆಸುತ್ತ ನಿಂತಿದ್ದ ಜಾಗವೇ ಬೀಳುತ್ತಿರುವುದು ಮಾತ್ರ ಬಹಳ ದಿನ ನನ್ನ ಗಮನಕ್ಕೆ ಬರಲಿಲ್ಲ.

ಮುದ್ದೇಬಿಹಾಳದಿಂದ ನಿಡಗುಂದಿಗೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ ಒಂದು ಕಲ್ಲು ಮಡ್ಡಿ, ಏನೂ ಬೆಳೆಯದ ದಿಬ್ಬ. ಅದರ ಮೇಲೆ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ನಾನು ಸೇರಿದ ಕಾಲಕ್ಕೆ ಇಂಡಿ, ಸಿಂದಗಿ, ಬಾಗೇವಾಡಿಗಳಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಮಧ್ಯಾಹ್ನ ಬೇವಿನ ಗಿಡಗಳ ಕೆಳಗೆ ರೊಟ್ಟಿ ಗಂಟು ಬಿಚ್ಚಿದರೆ ಶೇಂಗಾ ಚಟ್ನಿಯ ವಾಸನೆ ನಮ್ಮ ಸಿಬ್ಬಂದಿ ಕೋಣೆಗೂ ಬರುತ್ತಿತ್ತು. ಆಮೇಲೆ ಒಂದೊಂದೇ ತಾಲ್ಲೂಕಿನ ಕಾಲೇಜಿನಲ್ಲಿ ಎಂ.ಎ. ಶುರುವಾಯಿತು. ಬಸ್ಸು ನಮ್ಮ ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟಿತು. ಸಮಾಜಶಾಸ್ತ್ರ ಮುಚ್ಚಿತು, ಅದರ ಹಿಂದೆಯೇ ರಾಜ್ಯಶಾಸ್ತ್ರ. ಕ್ಯಾಂಟೀನಿನ ಶಿವಪ್ಪ ಪಾತ್ರೆಗಳನ್ನು ಟಂಟಂ ಗಾಡಿಗೆ ಹೇರಿಕೊಂಡು ಹೊರಟಾಗ, "ಸರ, ಇಲ್ಲಿ ಹುಡುಗರಿಗಿಂತ ಕುರಿ ಹೆಚ್ಚು ಬರ್ತಾವ್ರಿ. ಅವು ಚಾ ಕುಡಿಯಂಗಿಲ್ಲ" ಎಂದ. ನಾನು ನಕ್ಕು, ಒಳಗೆ ಹೋಗಿ, ಅಂಶ ಮೂರು ಬರೆಸಿದೆ.

ಕೊನೆಗೆ ಉಳಿದದ್ದು ಇತಿಹಾಸ ಮತ್ತು ಕನ್ನಡ. ಕಳೆದ ವರ್ಷ ಪ್ರವೇಶದ ಹೊತ್ತಿಗೆ ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆದು, ನಿಗದಿಯ ಸಂಖ್ಯೆಗೆ ಒಬ್ಬ ವಿದ್ಯಾರ್ಥಿ ಕಡಿಮೆ, ಸಿಗದಿದ್ದರೆ ವಿಭಾಗ ಮುಚ್ಚುತ್ತದೆ ಎಂದರು. ನಾನು ಮೋಟರ್ ಸೈಕಲ್ ಹತ್ತಿದೆ. ಮನಗೂಳಿಯಲ್ಲಿ ಆಗಷ್ಟೇ ಬಿ.ಎ. ಮುಗಿಸಿದ್ದ ಒಬ್ಬ ತರುಣ ತನ್ನ ಅಂಗಡಿಯಲ್ಲಿ ನನಗೆ ಕುರ್ಚಿ ಹಾಕಿ ಕೂರಿಸಿದ.

"ಎಂ.ಎ. ಮಾಡಿದ್ರ ಏನ್ ಸಿಗತೈತ್ರಿ ಸರ?"

"ಜ್ಞಾನ ಸಿಗತೈತಪಾ" ಎಂದೆ.

ಅವನು ನನ್ನನ್ನು ಮರುಕದಿಂದ ನೋಡಿ, ಒಂದು ತಂಪು ಸೋಡಾ ಕೊಟ್ಟು ಕಳಿಸಿದ.

ಮನೆಗೆ ಬಂದು ಮುಖ ಇಳಿಬಿಟ್ಟು ಕೂತೆ. ನನ್ನ ಹೆಂಡತಿ ಕಸ್ತೂರಿ ಬಿ.ಎ. ಮುಗಿಸಿದ ವರ್ಷವೇ ನನ್ನನ್ನು ಮದುವೆಯಾಗಿ ಓದು ನಿಲ್ಲಿಸಿದವಳು. ರೊಟ್ಟಿ ಬಡಿಯುತ್ತಲೇ, "ನನ್ನ ಹೆಸರು ಹಚ್ಚ್ರಿ" ಎಂದಳು. ನನಗೆ ಆನಂದವಾಯಿತು. ಹೆಸರು ಅಲ್ಲಿರುತ್ತದೆ, ಅವಳು ಮನೆಯಲ್ಲಿರುತ್ತಾಳೆ, ನನ್ನ ವಿಭಾಗ ಉಳಿಯುತ್ತದೆ ಎಂದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳನ್ನು ನಾನು ಅಷ್ಟೇ ಅರ್ಥ ಮಾಡಿಕೊಂಡಿದ್ದೆ.

ಮೊದಲ ದಿನವೇ ಅವಳು ಇಳಕಲ್ ಸೀರೆಯುಟ್ಟು ಮೊದಲ ಬೆಂಚಿನಲ್ಲಿ ಕೂತಿದ್ದಳು. ಗಾಬರಿಯಲ್ಲಿ ನಾನು ಹಾಜರಿಯನ್ನು ಎರಡು ಸಲ ಕೂಗಿದೆ. ಮನೆಯಲ್ಲಿ ನಾನು ಆಡಿದ ಮಾತಿಗೆ ಹೂಂ ಅನ್ನದವಳು ಇಲ್ಲಿ ಪ್ರತಿ ಅಕ್ಷರವನ್ನೂ ಗಮನವಿಟ್ಟು ಕೇಳುತ್ತಿದ್ದಳು. ಅದು ಇನ್ನೂ ಭಯಂಕರ. ಸಂಜೆ ಚಹಾ ಕುಡಿಯುತ್ತ, ಹೊಗಳಿಕೆಯ ಆಸೆಯಿಂದ, ಪಾಠ ಹೇಗಿತ್ತು ಎಂದು ಕೇಳಿದೆ.

"ಖರೇ ಹೇಳ್ಲ್ಯಾ? ನೀವು ನಮಗ ಹೇಳೂದಿಲ್ಲ, ಗ್ವಾಡಿಗಿ ಹೇಳತೀರಿ. ಮ್ವಾರಿ ಎತ್ತಿ ಒಮ್ಮಿನೂ ಯಾರನ್ನೂ ನೋಡ್ಲಿಲ್ಲ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಸಿಟ್ಟಿನಿಂದಲೇ ತಲೆ ಎತ್ತಿ ನೋಡಿದೆ. ನೋಡಿದರೆ, ಹಿಂದಿನ ಬೆಂಚಿನಲ್ಲಿ ಬಾಗೇವಾಡಿಯಿಂದ ಎರಡು ಬಸ್ಸು ಬದಲಿಸಿ ಬರುವ ರೇಣುಕಾ ಏನೋ ಕೇಳಬೇಕೆಂದು ಕೈ ಅರ್ಧ ಎತ್ತಿ ಕೂತಿದ್ದಳು. ನಿನ್ನೆಯಿಂದಲೇ ಎತ್ತಿದ್ದಳೋ ಏನೋ. ಅವಳ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. "ನಾಳಿ ಓದಿಕೊಂಡ್ ಬರ್ತೇನಿ" ಎಂದೆ. ಹಾಗೆ, ನಿವೃತ್ತಿಯ ಅಂಚಿನಲ್ಲಿ, ನಾನು ಓದಲು ಶುರುಮಾಡಿದೆ. ತರಗತಿಯಲ್ಲಿ ವಾದಗಳಾದವು. ಕನ್ನಡ ವಿಭಾಗದವರು ಗದ್ದಲವೇನೆಂದು ಇಣುಕಿ ನೋಡಿ, ಅಲ್ಲಿಯೇ ಕೂತು ಕೇಳಿ ಹೋದರು. ಮೇಷ್ಟ್ರಾಗಿರುವುದು ಇಷ್ಟು ಸುಖದ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.

ವರ್ಷ ಮುಗಿಯುವ ಹೊತ್ತಿಗೆ ಕೇಂದ್ರ ಮುಚ್ಚಿತು. ನಮ್ಮ ಒಂದು ವಿಭಾಗ ಉಳಿದರೆ ಮಡ್ಡಿಯ ಮೇಲಿನ ಇಡೀ ಕೇಂದ್ರ ಉಳಿಯುತ್ತದೆ ಎಂಬ ನಂಬಿಕೆ ನನ್ನೊಬ್ಬನದೇ ಆಗಿತ್ತು. ವಿದ್ಯಾರ್ಥಿಗಳನ್ನು ಜಿಲ್ಲಾ ಕೇಂದ್ರದ ದೊಡ್ಡ ಆವರಣಕ್ಕೆ ಸೇರಿಸಿದರು. ನನ್ನನ್ನೂ ಅಲ್ಲಿಗೇ ಕಳಿಸಿದರು, ಆದರೆ ಪಾಠಕ್ಕಲ್ಲ, ವಸತಿನಿಲಯಗಳ ನೀರು ಮತ್ತು ಬೆಳಕಿನ ಉಸ್ತುವಾರಿಗೆ. ಈಗ ನಾನೂ ಕಸ್ತೂರಿಯೂ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತೇವೆ. ಅವಳು ತರಗತಿಗೆ ಇಳಿಯುತ್ತಾಳೆ, ನಾನು ನೀರಿನ ಟ್ಯಾಂಕಿಗೆ.

ಮೊನ್ನೆ ಬಸ್ಸಿನಲ್ಲಿ ಅವಳು ಪರೀಕ್ಷೆಗೆ ಒಂದು ವಿಷಯ ಹೇಳಿಕೊಡಿ ಎಂದಳು. ಅವಳ ಮುಖ ನೋಡಿಕೊಂಡೇ ವಿವರಿಸಿದೆ. ಮುಂದಿನ ಸೀಟಿನ ಮುದುಕರೊಬ್ಬರು ಹಿಂದಕ್ಕೆ ತಿರುಗಿ ಕೂತು ಕೇಳಿದರು. ಕಂಡಕ್ಟರ್ ಕೂಡ ಕಂಬಕ್ಕೆ ಒರಗಿ ನಿಂತ. ಮುಗಿದ ಮೇಲೆ ಕಸ್ತೂರಿ ನೋಟ್‌ಬುಕ್ ಮುಚ್ಚಿ ಹೇಳಿದಳು.

"ಭಾಳ ಚೊಲೊ ಹೇಳಿದ್ರಿ. ಹಿಂಗ ಮೊದಲಿಂದ ಹೇಳಿದ್ದ್ರ ಹುಡುಗ್ರು ಮಡ್ಡಿ ಬಿಟ್ಟು ಹೋಗ್ತಿದ್ದಿಲ್ಲ."

ಮುದುಕರು ನನ್ನ ಮುಖ ನೋಡಿದರು. ನಾನು ಮೊದಲನೆಯ ವಾಕ್ಯಕ್ಕೆ ಮಾತ್ರ ತಲೆದೂಗಿದೆ.