ಆಯುಧಪೂಜೆಗೆ ಕಂಪ್ಯೂಟರಿನ ಸರ್ವೀಸ್

ಸುಮ್ಮನೆ ಕೂರುವುದು ಸುಲಭ ಎಂದುಕೊಂಡವರು ಒಮ್ಮೆ ಪ್ರಯತ್ನಿಸಿ ನೋಡಬೇಕು. ನನ್ನಿಂದಂತೂ ಆಗುವುದಿಲ್ಲ. ಸರಿಯಾಗಿ ತಿರುಗುವ ಫ್ಯಾನನ್ನು ಕಂಡರೂ ಒಂದು ಸ್ಕ್ರೂ ಬಿಗಿ ಮಾಡೋಣ ಎಂದು ಕೈ ತುರಿಸುತ್ತದೆ. ಆಯುಧಪೂಜೆ ಬಂತೆಂದರೆ ಈ ತುರಿಕೆಗೆ ದೇವರ ಅಪ್ಪಣೆಯೂ ಸಿಕ್ಕಂತೆ. ಈ ಸಲ ಸ್ಕೂಟರಿಗೆ ಆಯಿಲ್ ಬದಲಿಸಿದೆ, ಗ್ರೈಂಡರಿನ ಕಲ್ಲು ತಿಕ್ಕಿದೆ, ಕತ್ತಿಗೆ ಸಾಣೆ ಹಿಡಿಸಿದೆ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಮಾತ್ರ ಉಳಿದಿತ್ತು. ಪಾಪ, ಅದಕ್ಕೂ ಒಂದು ಸರ್ವೀಸ್ ಆಗಲಿ ಎಂದು ಧೂಳು ಒರೆಸಿ, ಯಾವುದೋ ಪುಕ್ಕಟೆ ಸಾಫ್ಟ್‌ವೇರ್ ಇಳಿಸಿದೆ. ಕಂಪ್ಯೂಟರಿನ ಒಂದೊಂದು ಭಾಗವನ್ನೂ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂಗಳನ್ನೆಲ್ಲ ಹೊಸದು ಮಾಡಲೇ ಎಂದು ಅದು ಕೇಳಿತು. ಧಾರಾಳವಾಗಿ ಹೂಂ ಎಂದೆ. ಆಮೇಲೆ ಗಂಧ ಹಚ್ಚಿ, ಸೇವಂತಿಗೆ ಮುಡಿಸಿ, ಆರತಿ ಎತ್ತಿದೆ. ಪೂಜೆಯಾದ ಆಯುಧವನ್ನು ಅಂದು ಮುಟ್ಟಬಾರದಲ್ಲ, ಆಫ್ ಮಾಡಿಟ್ಟೆ.

ಮರುದಿನ ಮಧ್ಯಾಹ್ನ ಆನ್ ಮಾಡಿದರೆ ಎಲ್ಲವೂ ಇದೆ, ಇಂಟರ್ನೆಟ್ ಇಲ್ಲ! ಅಲ್ಲಿ ಇಲ್ಲಿ ಒತ್ತಿ ನೋಡಿದಾಗ ಇಂಟರ್ನೆಟ್ ಜೋಡಿಸುವ ನೆಟ್‌ವರ್ಕ್ ಅಡಾಪ್ಟರಿನ ಹೆಸರಿನ ಮೇಲೆ ಹಳದಿ ಗುರುತು ಕೂತಿತ್ತು. ಅದಕ್ಕೆ ಹೊಂದದ ಡ್ರೈವರನ್ನು ನಾನೇ ಹಾಕಿಸಿ, ಪೂಜೆಯನ್ನೂ ಮಾಡಿದ್ದೆ. ಸರಿಯಾದ ಡ್ರೈವರ್ ಇಳಿಸಬೇಕಾದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು.

ಬೇರೆ ದಿನವಾದರೆ ನಕ್ಕು ಬಿಡುತ್ತಿದ್ದೆ. ಆದರೆ ಅಂದು ನಾಲ್ಕು ಗಂಟೆಗೆ ನನ್ನ ಹೆಂಡತಿ ಸುಜಾತಳ ಮೊದಲ ಆನ್‌ಲೈನ್ ಅಡುಗೆ ಕ್ಲಾಸು. ನೆರೆಮನೆಯ ಹಿರಿಯ ಗೆಳೆಯ ಹಮೀದಾಕನ ಸೊಸೆ ದುಬೈಯಲ್ಲಿ ಗೆಳತಿಯರನ್ನೆಲ್ಲ ಸೇರಿಸಿ, ನಮ್ಮೂರ ಕೋಳಿ ಸಾರು, ಕೋರಿ ಗಸಿ ಕಲಿಸಿಕೊಡಿ ಎಂದು ದುಂಬಾಲು ಬಿದ್ದಿದ್ದಳು. ಇಷ್ಟು ವರ್ಷ ನಾನು ತಿಂದು ಕೈ ತೊಳೆದು ಎದ್ದುಹೋದ ಅಡುಗೆಯನ್ನು ಯಾರೋ ಕೇಳಿ ಕಲಿಯುತ್ತಾರೆಂದು ಸುಜಾತಳಿಗೆ ಎಂಥ ಸಂಭ್ರಮ! ಬೆಳಿಗ್ಗೆಯೇ ಹೊಸ ಸೀರೆ ಇಸ್ತ್ರಿಯಾಗಿತ್ತು. ಅದನ್ನು ಕಂಡು ಅಂಗಿಯ ಜೇಬಿನಿಂದ ಮೊಬೈಲ್ ತೆಗೆದೆ.

ಹಮೀದಾಕನಿಗೆ ಬಂದರಿನಲ್ಲಿ ಮೆಣಸಿನ ಅಂಗಡಿ. ಫೋನ್ ಮಾಡಿ ವಿಷಯ ಹೇಳಿದೆ. "ಎಂತ ಶೆಟ್ರೇ, ಸರಿ ಇದ್ದದ್ದನ್ನು ಯಾಕೆ ಮುಟ್ಟಿದ್ದು ಮಾರಾಯ್ರೆ? ಕ್ಲಾಸ್ ಇಲ್ಲದಿದ್ರೆ ಸೊಸೆ ನನ್ನನ್ನು ಬಿಡ್ಲಿಕ್ಕಿಲ್ಲ" ಎಂದರು. ಅಡಾಪ್ಟರಿನ ಹೆಸರನ್ನು ನಾನು ಅಕ್ಷರ ಅಕ್ಷರವಾಗಿ ಓದಿದೆ. ಅವರು ಅಂಗಡಿಯ ಕಂಪ್ಯೂಟರಿನಲ್ಲಿ ಅದರ ಡ್ರೈವರನ್ನು ಹುಡುಕಿ, ಪೆನ್‌ಡ್ರೈವಿಗೆ ಹಾಕಿ, ನೇತ್ರಾವತಿ ಸೇತುವೆಯ ಟ್ರಾಫಿಕ್ಕಿನಲ್ಲಿ ಬೆಂದು, ತೊಕ್ಕೊಟ್ಟಿನ ನಮ್ಮ ಮನೆಗೆ ಬೆವರು ಸುರಿಸಿಕೊಂಡು ಬಂದರು. ಇಬ್ಬರೂ ಸೇರಿ ಅದನ್ನು ಚುಚ್ಚಿ ಇನ್‌ಸ್ಟಾಲ್ ಒತ್ತಿದೆವು. ಹಳದಿ ಗುರುತು ಮಾಯವಾಯಿತು, ಕಂಪ್ಯೂಟರಿನ ಹಿಂದುಗಡೆಯ ಹಸಿರು ದೀಪ ಮಿಣುಕತೊಡಗಿತು. ಅಬ್ಬ! ಹೋದ ಜೀವ ಬಂದಂತಾಯಿತು. ಹಮೀದಾಕ ನನ್ನನ್ನು ತಬ್ಬಿಕೊಂಡೇ ಬಿಟ್ಟರು.

ಹೊಸ ಸೀರೆಯುಟ್ಟು ಬಂದ ಸುಜಾತ ನಮ್ಮ ಸಾಹಸದ ಕತೆಯನ್ನೆಲ್ಲ ಕೇಳಿದಳು. "ಅಲ್ಲ, ನಿಮ್ಮ ಮೊಬೈಲಿನಲ್ಲಿ ನೆಟ್ ಉಂಟಲ್ಲ? ಅದರಲ್ಲೇ ಇಳಿಸಿ ವಯರ್ ಚುಚ್ಚಿ ಹಾಕ್ಲಿಕ್ಕೆ ಆಗ್ತಿರಲಿಲ್ವಾ?"

ನಾನು ಹಮೀದಾಕನ ಮುಖ ನೋಡಿದೆ, ಅವರು ನನ್ನ ಅಂಗಿಯ ಜೇಬು ನೋಡಿದರು. "ಶರಬತ್ತು ಉಂಟಾ ಸುಜಾತಕ್ಕ?" ಎಂದು ಅವರು ಕೇಳಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ನಾಲ್ಕಕ್ಕೆ ಸರಿಯಾಗಿ ದುಬೈಯ ಹೆಂಗಸರೆಲ್ಲ ಒಲೆಯ ಕಡೆಗೆ ತಿರುಗಿಸಿಟ್ಟ ಪರದೆಯ ಮೇಲೆ ಸೌಟು ಹಿಡಿದು ನಿಂತರು. ಸುಜಾತ ಒಂದು ಕ್ಷಣ ತಡವರಿಸಿದಳು, ಆಮೇಲೆ ಮಾತು ನೀರು ಹರಿದಂತೆ ಹರಿಯಿತು. ಇಷ್ಟು ಚೆನ್ನಾಗಿ ಹೇಳಿಕೊಡುತ್ತಾಳೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ತೆಂಗಿನ ಹಾಲು ಸುರಿದು, ಬೆಂಕಿ ಸಣ್ಣ ಮಾಡಿ ಹೇಳಿದಳು: "ಇನ್ನು ಇದನ್ನು ಅದರಷ್ಟಕ್ಕೆ ಬಿಡಿ. ಸರಿ ಇರುವ ಗಸಿಯನ್ನು ಇನ್ನೂ ಚಂದ ಮಾಡ್ತೇನೆ ಅಂತ ಕೆದಕುವವರು ಇರ್ತಾರೆ. ಅಂಥವರನ್ನು ಅಡುಗೆಮನೆ ಒಳಗೆ ಬಿಡ್ಬೇಡಿ."

ಹೇಳುವಾಗ ಅವಳು ನೋಡಿದ್ದು ಕ್ಯಾಮೆರಾವನ್ನಲ್ಲ, ಅದರ ಹಿಂದೆ ನಿಂತಿದ್ದ ನನ್ನನ್ನು. ದುಬೈಯ ಹೆಂಗಸರೆಲ್ಲ ತಲೆಯಾಡಿಸಿದರು. ಪರದೆಯ ಬೆಳಕು ಸ್ವಲ್ಪ ಹೆಚ್ಚಿಸೋಣ ಎಂದು ಮುಂದೆ ಚಾಚಿದ್ದ ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡು ನಾನೂ ತಲೆಯಾಡಿಸಿದೆ.