ಅರಬಸ್ತಾನದ ಧೂಳು, ನಮ್ಮ ಗಚ್ಚಿಯ ಸಂಡಿಗೆ

ನಿವೃತ್ತಿಯ ನಂತರ ಗಂಡಸಿಗೆ ಒಂದು ಹವ್ಯಾಸ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಹವ್ಯಾಸದಿಂದ ಅವನ ಹೆಂಡತಿಯನ್ನು ಕಾಪಾಡುವುದು ಹೇಗೆಂದು ಯಾರೂ ಹೇಳುವುದಿಲ್ಲ. ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಿಂದ ನಿವೃತ್ತನಾದ ನಾನು ಟ್ಯಾಬಿನಲ್ಲಿ ಉಪಗ್ರಹದ ಚಿತ್ರಗಳನ್ನು ನೋಡುವುದು ಕಲಿತೆ. ಭೂಮಿಯ ಯಾವ ಮೂಲೆಯಲ್ಲಿ ಕಾಡು ಹೊತ್ತಿಕೊಂಡರೂ ಅದರ ಹೊಗೆ ಎತ್ತ ಹೊರಟಿತೆಂದು ಮರಾಠಿ ಸೀಮೆಯ ನಿಗಡಿಯ ನಮ್ಮ ಮನೆಯ ಸೋಫಾದ ಮೇಲಿನಿಂದಲೇ ಹೇಳುತ್ತಿದ್ದೆ. ಮರುಭೂಮಿಯ ಧೂಳಂತೂ ನನ್ನ ಅಪ್ಪಣೆ ಇಲ್ಲದೆ ಸಮುದ್ರ ದಾಟುತ್ತಿರಲಿಲ್ಲ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನವೂ ನನ್ನ ಪ್ರಕಟಣೆ.

ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಸುಮಾ ಸಂಡಿಗೆಗೆಂದು ಅಕ್ಕಿ ನೆನೆಹಾಕಿದಳು. ದೌಂಡದ ಗಂಡನ ಮನೆಯಲ್ಲಿರುವ ಮಗಳು ವೀಣಾಳಿಗೆ ಏಳನೇ ತಿಂಗಳು. ಮುಂದಿನ ಶುಕ್ರವಾರ ಅಲ್ಲೇ ಕುಬಸ, ಅಂದರೆ ಸೀಮಂತ. "ಅವ್ವಾ, ಬಾಯಿಗೆ ಏನೂ ಸೇರವಲ್ದು. ನಿನ್ನ ಕೈಯಾನ ಸಂಡಿಗಿ ಒಂದ ತಿನ್ನಬೇಕನಸ್ತದ" ಎಂದು ಫೋನಿನಲ್ಲಿ ಹೇಳಿದ್ದಳು. ಅಕ್ಕಿ ಮೂರು ದಿನ ನೆನೆದು, ಶನಿವಾರ ಗಚ್ಚಿಯ ಮೇಲೆ ಸಂಡಿಗೆ ಹಾಕುವುದೆಂದು ನಿಶ್ಚಯವಾಯಿತು.

ಶನಿವಾರ ಬೆಳಿಗ್ಗೆ ನಾನು ಟ್ಯಾಬ್ ಹಿಡಿದು ಅಡುಗೆಮನೆಗೆ ಹೋದೆ. ಅರಬ್ಬಿ ಸಮುದ್ರದ ಮೇಲೆ ಕಂದು ಬಣ್ಣದ ಪರದೆಯೊಂದು ನಮ್ಮ ಕಡೆಗೇ ಹರಡಿತ್ತು.

"ಸುಮಾ, ಇವತ್ತ ಸಂಡಿಗಿ ಬ್ಯಾಡ. ಅರಬಸ್ತಾನದಿಂದ ಧೂಳ ಹೊಂಟದ."

"ಅಷ್ಟ ದೂರದಿಂದ ಬರೂದ್ರಾಗ ನನ್ನ ಸಂಡಿಗಿ ಒಣಗಿ ಡಬ್ಬಿ ಸೇರತಾವ ತಗೋರಿ."

ನಾನು ಒಪ್ಪಲಿಲ್ಲ. ವಿಜ್ಞಾನದ ಪ್ರಶ್ನೆ! ಗುಂಪಿನಲ್ಲೂ ಎಚ್ಚರಿಕೆ ಹಾಕಿದೆ. ಎದುರು ಮನೆಯ ಜೋಶಿ ಕಾಕೂ ಒಗೆದ ಬಟ್ಟೆಗಳನ್ನು ಒಳಗೆ ತಂದು, ಕಿಟಕಿ ಮುಚ್ಚಿಕೊಂಡು ದಿನವಿಡೀ ಬೆವರಿದರು. ಹೊರಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಧೂಳು ಬರಲಿಲ್ಲ. ದಾರಿಯಲ್ಲೇ ಮನಸ್ಸು ಬದಲಿಸಿ ಬೇರೆ ಕಡೆ ಹೋಗಿತ್ತು. ಮನೆಯಲ್ಲಿ ಅಕ್ಕಿ ಇನ್ನೊಂದು ದಿನ ನೆನೆದು ಹುಳಿಯಾಯಿತು, ಸುಮಾಳ ಮುಖವೂ.

ಭಾನುವಾರ ಪ್ರಾಯಶ್ಚಿತ್ತಕ್ಕೆ ನಾನೇ ನಿಂತೆ. ವಾಚ್‌ಮನ್ ಪಾಂಡು ಮಾಮಾನನ್ನು ಕರೆದು ಗಚ್ಚಿ ಗುಡಿಸಿಸಿದೆ. ಬಿದ್ದಿದ್ದ ಒಣ ಎಲೆಗಳನ್ನೆಲ್ಲ ಕೂಡಲೇ ವಿಲೇವಾರಿ ಮಾಡಬೇಕೆಂದು ಮರಾಠಿಯಲ್ಲಿ ಖಡಕ್ಕಾಗಿ ಆಜ್ಞಾಪಿಸಿದೆ. ಸೂರ್ಯ ಹುಟ್ಟುವ ಮೊದಲೇ ಎದ್ದು ಹಿಟ್ಟು ಕುದಿಸಿದ್ದ ಸುಮಾ, ಬಿಳಿ ಪಂಚೆಯ ಮೇಲೆ ಸಾಲುಸಾಲಾಗಿ ಸಂಡಿಗೆ ಹಾಕಿ ಮುಗಿಸಿ ಸೊಂಟ ಹಿಡಿದುಕೊಂಡು ಎದ್ದಳು.

ಆಗ ಹೊಗೆ ಬಂತು.

ದಟ್ಟವಾದ ಹೊಗೆ ಗೋಡೆ ಹತ್ತಿ ನೇರವಾಗಿ ಹಸಿ ಸಂಡಿಗೆಗಳ ಮೇಲೆಯೇ ಕುಳಿತಿತು. ಬೇರೆ ಯಾರಾದರೂ ಆಗಿದ್ದರೆ ಕೆಳಗೆ ಬಗ್ಗಿ ನೋಡುತ್ತಿದ್ದರು. ನಾನು ಟ್ಯಾಬ್ ತೆಗೆದೆ. ನಿನ್ನೆಯ ಚಿತ್ರದಲ್ಲಿ ಪಶ್ಚಿಮದ ಗುಡ್ಡಗಳ ಹತ್ತಿರ ಬೆಂಕಿಯ ಎರಡು ಕೆಂಪು ಚುಕ್ಕೆಗಳು ಸಿಕ್ಕವು. ತಕ್ಷಣ ಗುಂಪಿಗೆ ತಿಳಿಸಿದೆ: "ಘಟ್ಟದ ಕಾಡ್ಗಿಚ್ಚಿನ ಹೊಗೆ ನಮ್ಮ ಸೊಸೈಟಿ ತಲುಪಿದೆ. ಕಿಟಕಿ ಮುಚ್ಚಿಕೊಳ್ಳಿ."

"ರೀ," ಎಂದಳು ಗೋಡೆಯಾಚೆ ಬಗ್ಗಿ ನೋಡುತ್ತಿದ್ದ ಸುಮಾ, "ನಿಮ್ಮ ಕಾಡ್ಗಿಚ್ಚಿಗೆ ಪಾಂಡು ಮಾಮಾ ರಟ್ಟಿನಿಂದ ಗಾಳಿ ಹಾಕ್ಲಿಕ್ಕತ್ಯಾನ ನೋಡ್ರಿ."

ಕೆಳಗೆ ಎಲೆಗಳ ರಾಶಿ ಹೊತ್ತಿ ಉರಿಯುತ್ತಿತ್ತು. ನಾನು ಮೇಲಿನಿಂದ ಕೂಗಾಡಿದೆ. "ಸಾಹೇಬ, ತುಮ್ಹೀಚ್ ಸಾಂಗಿತ್ಲಂ ನಾ" ಎಂದ ಅವನು. ಹೌದು, ನಾನೇ ಹೇಳಿದ್ದೆ.

ಸುಮಾ ಒಂದು ಸಂಡಿಗೆ ಎತ್ತಿ ಮೂಸಿ ನೋಡಿದಳು. "ಬಸರಿ ಹುಡುಗಿ ಇದರ ವಾಸನಿ ತಡಕೊಳ್ಳಂಗಿಲ್ಲ" ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನನಗೆ ನಿಜಕ್ಕೂ ಅಳು ಬಂತು. ಅವಳೇನೋ ಅದನ್ನು ಹೊಗೆಯ ಪರಿಣಾಮ ಎಂದುಕೊಂಡಿರಬೇಕು.

ಅಂದು ರಾತ್ರಿಯೇ ಮತ್ತೆ ಅಕ್ಕಿ ನೆನೆಹಾಕಿದೆವು. ಅದು ಮೂರು ದಿನ ನೆನೆದ ಮೇಲೆ ಕುಬಸದ ಮೊದಲು ಉಳಿದದ್ದು ಗುರುವಾರದ ಬಿಸಿಲೊಂದೇ. ಟ್ಯಾಬು ಸುಮಾಳ ರೇಷ್ಮೆ ಸೀರೆಗಳ ಕೆಳಗೆ ಬಂದಿಯಾಯಿತು. ಗುರುವಾರ ಅವಳು ಜೋಶಿ ಕಾಕೂ ಹರವಿದ್ದ ಬಟ್ಟೆಗಳನ್ನು ಒಮ್ಮೆ ನೋಡಿ, "ಗಾಳಿ ಛಲೋ ಅದ, ಇವತ್ತ ಒಣಗತಾವ" ಎಂದು ಹವಾಮಾನ ವರದಿ ಮುಗಿಸಿದಳು. ನನ್ನ ಕೈಗೆ ಒಂದು ಕೋಲು ಕೊಟ್ಟಳು. "ಇಲ್ಲೇ ಕೂಡ್ರಿ. ಕಾಗಿ ಕಾಯ್ರಿ. ಅಷ್ಟ ಮಾಡ್ರಿ ಸಾಕು."

ಛತ್ರಿ ಹಿಡಿದು ಸಂಜೆಯವರೆಗೆ ಕುಳಿತೆ. ಮಧ್ಯಾಹ್ನ ಪಶ್ಚಿಮದಲ್ಲಿ ಆಕಾಶ ಸ್ವಲ್ಪ ಮಸುಕಾದಂತೆ ಕಂಡಿತು. ಅರಬಸ್ತಾನದ್ದೇ ಇರಬಹುದೇ ಎಂದು ಒಂದೇ ಒಂದು ನಿಮಿಷ ಕತ್ತೆತ್ತಿ ನೋಡಿದ್ದು ನಿಜ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ದೌಂಡದಲ್ಲಿ, ಹಸಿರು ಸೀರೆ ಉಟ್ಟು ಕುಳಿತ ವೀಣಾಳ ಎಲೆಗೆ ಸುಮಾ ಕರಿದ ಸಂಡಿಗೆಗಳನ್ನು ಬಡಿಸಿದಳು. ಮಗಳು ಒಂದರ ಮೇಲೊಂದು ಆಸೆಯಿಂದ ತಿಂದಳು. ನನ್ನ ಮನಸ್ಸು ತುಂಬಿತು. ಆಮೇಲೆ ಅವಳು ಒಂದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದಳು.

"ಅವ್ವಾ, ಇದಕ್ಕ ಕಾಗಿ ಕುಕ್ಕಿದಂಗದ ನೋಡು."

ಸುಮಾ ನನ್ನ ಕಡೆ ತಿರುಗಿದಳು. ಬೀಗಿತ್ತಿಯೂ ತಿರುಗಿದರು. ನಾನು ಮೇಲೆ ನೋಡತೊಡಗಿದೆ. ಅಲ್ಲಿ ಫ್ಯಾನ್ ಬಿಟ್ಟರೆ ಏನೂ ಇರಲಿಲ್ಲ.