ಸ್ವಿಟ್ಜರ್ಲೆಂಡಿನ ರೈಲಿಗೆ ಹಾಕಿದ ಟವೆಲ್ಲು

ಯುರೋಪಿನ ರೈಲಿನಲ್ಲಿ ಕೂತರೆ ಕಿಟಕಿಯಲ್ಲಿ ಏನೇನು ಕಾಣುತ್ತದೆ ಎಂದು ಅರಕಲಗೂಡಿನಲ್ಲಿ ಯಾರಿಗಾದರೂ ಅನುಮಾನ ಬಂದರೆ ನೇರವಾಗಿ ನಮ್ಮ ಅಂಗಡಿಗೇ ಬರುತ್ತಾರೆ. ನಾನು ಹೋಗಿ ಬಂದವನು. ಹಿಮದ ಬೆಟ್ಟ, ನೀಲಿ ಸರೋವರ, ಕೊರಳಿಗೆ ಗಂಟೆ ಕಟ್ಟಿಕೊಂಡ ಹಸು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತೇನೆ. ಅವರಿಗೆ ಹೇಳದ ಒಂದು ಮಾತನ್ನು ನಿಮಗೆ ಹೇಳಿಬಿಡುತ್ತೇನೆ: ಇವುಗಳಲ್ಲಿ ನಾನು ಕಂಡದ್ದು ಹಸು ಮಾತ್ರ. ಅದೂ ಹಾಲಿನ ಡಬ್ಬದ ಮೇಲೆ.

ನಮ್ಮದು ಗೊಬ್ಬರ, ಔಷಧಿ ಅಂಗಡಿ. ಆಲೂಗಡ್ಡೆಗೆ ಹೊಡೆಯುವ ಔಷಧಿಯನ್ನು ಹೆಚ್ಚು ಮಾರಿದವರನ್ನು ಕಂಪನಿಯವರು ಸ್ವಿಟ್ಜರ್ಲೆಂಡಿಗೆ ಕರೆದುಕೊಂಡು ಹೋಗುತ್ತಾರೆ. ಚಿಕ್ಕಪ್ಪನಿಗೆ ಎರಡು ಟಿಕೆಟ್ ಬಂತು. ಒಂದು ಅವರದು, ಇನ್ನೊಂದು ನ್ಯಾಯವಾಗಿ ಚಿಕ್ಕವ್ವನದು. ಆದರೆ ಟೆರೇಸಿನಿಂದ ಕೆಳಗೆ ಬಗ್ಗಿ ನೋಡಿದರೂ ತಲೆ ಸುತ್ತುವ ಚಿಕ್ಕವ್ವ ವಿಮಾನ ಹತ್ತುವುದುಂಟೆ? "ನೀನೇ ಓಗ್ಬಾರ್ಲಾ ಲೋಕಿ, ನಿಂಗೆ ಇಂಗ್ಲೀಷ್ ಬತ್ತದೆ" ಎಂದು ತನ್ನ ಟಿಕೆಟನ್ನು ನನಗೆ ಬಿಟ್ಟುಕೊಟ್ಟಳು. "ಒಂದೇ ಒಂದು ಕೇಳ್ತೀನಿ. ರೈಲು ಕಿಟಕೀಲಿ ಹಿಮದ ಬೆಟ್ಟ ಕಾಣ್ತದಂತಲ್ಲ, ಅದನ್ನ ಫೋನ್ನಾಗೆ ತೋರ್ಸ್ಬುಡು. ಓಗ್ದಿದ್ರೂ ಓದಂಗಾಯ್ತದೆ."

ನನ್ನ ಇಂಗ್ಲಿಷ್ ಎಂದರೆ ಔಷಧಿ ಡಬ್ಬಿಯ ಹಿಂದೆ ಬರೆದಿರುವಷ್ಟೇ. "ಮಕ್ಕಳಿಂದ ದೂರವಿಡಿ", "ವಾಂತಿಯಾದರೆ ವೈದ್ಯರನ್ನು ಕಾಣಿ" ಎಂಬ ಎರಡು ವಾಕ್ಯಗಳನ್ನು ಇಟ್ಟುಕೊಂಡು ನಾನು ವಿದೇಶಕ್ಕೆ ಹೊರಟೆ.

ಯೂಟ್ಯೂಬಿನಲ್ಲಿ ಎಲ್ಲರೂ ಹೇಳಿದ್ದು ಒಂದೇ: ಬಲಗಡೆಯ ಕಿಟಕಿ ಹಿಡಿಯಿರಿ. ಕಿಟಕಿ ಹಿಡಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಮನಾಥಪುರದ ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆಯೇ ಪಕ್ಕದಲ್ಲಿ ಓಡಿ, ಕಿಟಕಿಯೊಳಕ್ಕೆ ಟವೆಲ್ ಎಸೆದರೆ ಮುಗಿಯಿತು. ಟವೆಲ್ ಬಿದ್ದ ಸೀಟಿನಲ್ಲಿ ತಹಶೀಲ್ದಾರರು ಬಂದರೂ ಕೂರುವುದಿಲ್ಲ. ಹಾಗಾಗಿ ನಮ್ಮ ಕಡೆ ಎಲ್ಲರ ಹೆಗಲ ಮೇಲೂ ಇರುವಂಥ ಕೆಂಪು ಚೌಕುಳಿ ಟವೆಲೊಂದನ್ನು ಹೊಸದಾಗಿ ಕೊಂಡು ಒಯ್ದಿದ್ದೆ.

ರೈಲು ಬಂತು. ಓಡಿದೆ. ಗುರಿಯಿಟ್ಟು ಬೀಸಿ ಎಸೆದೆ. ಆ ದೇಶದ ರೈಲಿನ ಕಿಟಕಿ ತೆರೆಯುವುದಿಲ್ಲ ಎಂದು ಯೂಟ್ಯೂಬಿನವರು ಯಾರೂ ಹೇಳಿರಲಿಲ್ಲ. ಟವೆಲ್ ಗಾಜಿಗೆ ಬಡಿದು ನನ್ನ ಮುಖದ ಮೇಲೇ ಬಂದು ಬಿತ್ತು. ಒಳಗಿದ್ದ ಮಗುವೊಂದು ಚಪ್ಪಾಳೆ ತಟ್ಟಿತು.

ಸೋಲಲಿಲ್ಲ. ಬಾಗಿಲಿನಿಂದ ನುಗ್ಗಿ ಬಲಗಡೆಯ ಎರಡು ಸೀಟಿಗೂ ಸೇರುವಂತೆ ಟವೆಲ್ ಹಾಸಿ, ಚಿಕ್ಕಪ್ಪನನ್ನು ಕರೆತರಲು ಇಳಿದೆ. ಅವರು ಎಲೆ ಅಡಿಕೆ ಉಗುಳಲು ಪ್ಲಾಟ್‌ಫಾರಂ ಉದ್ದಕ್ಕೂ ಜಾಗ ಹುಡುಕುತ್ತಿದ್ದರು. ಅಂಥ ಜಾಗ ಆ ದೇಶದಲ್ಲೇ ಇಲ್ಲ. ಬಾಯಿ ಮುಚ್ಚಿಸಿಯೇ ಹತ್ತಿಸಿಕೊಂಡು ಬಂದು ನೋಡಿದರೆ ನಮ್ಮ ಸೀಟಿನಲ್ಲಿ ಇಬ್ಬರು ಅಜ್ಜಿಯರು. ಟವೆಲ್ ಇಲ್ಲ. ಬೋಗಿ ತಪ್ಪಿತೇ? ರೈಲೇ ತಪ್ಪಿತೇ? ನನ್ನ ಪೇಚಾಟ ನೋಡಿ ಒಬ್ಬ ಅಜ್ಜಿ ಕೈಸನ್ನೆಯಲ್ಲಿ ವಿವರಿಸಿದರು. ಯಾರೋ ಪಾಪ ಮರೆತು ಹೋಗಿದ್ದರು, ನೀಟಾಗಿ ಮಡಿಸಿ ಕಂಡಕ್ಟರಿಗೆ ಕೊಟ್ಟಿದ್ದೇನೆ ಎಂದು.

ಜಗಳವಾಡೋಣವೆಂದರೆ ಆಕೆ ಮಾಡಿದ್ದು ಉಪಕಾರ. ಟವೆಲ್ ಎಂದರೆ ಟವೆಲ್ ಅಲ್ಲ, ಅದು ನಾನೇ ಎಂದು ತಿಳಿಸಲು ನನ್ನಲ್ಲಿದ್ದ ಎರಡು ವಾಕ್ಯ ಸಾಲದು. ಅಷ್ಟರಲ್ಲಿ ಬಾಯಿ ತುಂಬಿ ಕೆನ್ನೆ ಊದಿದ್ದ ಚಿಕ್ಕಪ್ಪನನ್ನು ಕಂಡು, ಏನೋ ಕಾಯಿಲೆಯ ಮನುಷ್ಯನೆಂದುಕೊಂಡು ಅಜ್ಜಿ ಎದ್ದು ಕಿಟಕಿ ಸೀಟನ್ನೇ ಬಿಟ್ಟುಕೊಟ್ಟರು. ಚಿಕ್ಕಪ್ಪ ಎಲೆ ಅಡಿಕೆಯನ್ನು ನುಂಗಿ ಅಪ್ಪಣೆ ಮಾಡಿದರು, "ಟವೆಲ್ ತತ್ತಾರ್ಲಾ, ಒಸಾದು."

ಹೊರಟೆ. ಕಂಡಕ್ಟರು ಕೊನೆಯ ಬೋಗಿಯಲ್ಲಿದ್ದಾರೆಂದು ಯಾರೋ ಕೈ ತೋರಿಸಿದರು. ನಡುವೆ ಯಾವುದೋ ಸ್ಟೇಷನ್ನಿನಲ್ಲಿ ನಿಂತ ರೈಲು, ಅಲ್ಲಿನ ಹಳಿಯೇ ಹಾಗಂತೆ, ಇದ್ದಕ್ಕಿದ್ದಂತೆ ಹಿಂದುಮುಂದಾಗಿ ಹೊರಟಿತು. ಕೊನೆಯ ಬೋಗಿ ಮೊದಲನೆಯದಾಯಿತು. ನಾನೂ ತಿರುಗಿ ನಡೆದೆ. ಕಂಡಕ್ಟರು ಇದ್ದಲ್ಲೇ ಇದ್ದರು, ಕೆಟ್ಟಿದ್ದು ನನ್ನ ಲೆಕ್ಕ. ಎರಡು ಸುತ್ತು ಹೊಡೆದ ಮೇಲೆ ಸಿಕ್ಕಿದರು. ಒಂದು ಚೀಟಿಯ ಮೇಲೆ ನನ್ನ ಹೆಸರು ಬರೆಸಿ, ಸಹಿ ಹಾಕಿಸಿ, ಅದನ್ನು ಟವೆಲಿನ ತುದಿಗೆ ಕಟ್ಟುತ್ತಿದ್ದಾಗಲೇ ಚಿಕ್ಕವ್ವನ ವಿಡಿಯೋ ಕಾಲ್ ಬಂತು.

"ಬೆಟ್ಟ ಎಲ್ಲದ್ಲಾ?"

ಗಾಬರಿಯಲ್ಲಿ ಫೋನ್ ತಿರುಗಿಸಿದೆ.

"ಇದೇನ್ಲಾ, ಕಕ್ಕಸ್ ಬಾಗ್ಲು ಇದ್ದಂಗದೆ?"

"ಇರು ಚಿಕ್ಕವ್ವ, ಓಡ್ತಾವ್ನಿ!"

ನಾನು ಸೀಟು ಮುಟ್ಟುವಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿ, ಫೋನ್ ಕಪ್ಪಾಯಿತು. "ಈಗ್ತಾನೆ ಓಯ್ತು ಕಣ್ಲಾ ಬೆಟ್ಟ" ಅಂದರು ಚಿಕ್ಕಪ್ಪ. "ನಮ್ ಶೆಟ್ಟಿಹಳ್ಳಿ ಇನ್ನೀರು ಇದ್ದಂಗೇ ನೀರು. ಇಂದ್ಗಡೆ ಒಂದು ಬೆಳ್ಳಗಿರೋ ಬೆಟ್ಟ, ಅಷ್ಟೇಯ." ಸುರಂಗ ದಾಟಿದ ಮೇಲೆ ಪ್ರವಾಸ ಮುಗಿಯುವವರೆಗೂ ಬರೀ ಮೋಡ, ಮಂಜು.

ಊರಿಗೆ ಬಂದ ಮೇಲೆ ಚಿಕ್ಕವ್ವ ನನ್ನೊಡನೆ "ಉಣ್ಣು" ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಟವೆಲನ್ನು ಮಾತ್ರ ತಾನಿಟ್ಟುಕೊಂಡಳು. ಚೀಟಿ ಬಿಚ್ಚಲೂ ಬಿಡಲಿಲ್ಲ. "ಬೆಟ್ಟ ಬರ್ದೇ ಇದ್ರೂ ಇದಾದ್ರೂ ಬಂತಲ್ಲ" ಎಂದಳು, ಅದೂ ಚಿಕ್ಕಪ್ಪನಿಗೆ.

ಪ್ರಾಯಶ್ಚಿತ್ತಕ್ಕೆಂದು ಒಂದು ಭಾನುವಾರ ಅವಳನ್ನು ಶೆಟ್ಟಿಹಳ್ಳಿಯ ಹಿನ್ನೀರು, ನೀರಲ್ಲಿ ನಿಂತ ಹಳೇ ಚರ್ಚು ತೋರಿಸಲು ಹೊರಡಿಸಿದೆ. ಕಿಟಕಿ ಸೀಟಿನ ಜವಾಬ್ದಾರಿ ನನ್ನದೆಂದು ಮಾತು ಕೊಟ್ಟೆ. ಹಾಸನದ ಸ್ಟ್ಯಾಂಡಿನಲ್ಲಿ ಬಸ್ಸು ಬಂದದ್ದೇ, ಚಿಕ್ಕವ್ವನನ್ನು ಕೆಳಗೆ ಬಿಟ್ಟು ಬಾಗಿಲಲ್ಲಿ ನುಗ್ಗಿದೆ. ಖಾಲಿಯಿದ್ದ ಒಂದೇ ಕಿಟಕಿ ಸೀಟಿನ ಮೇಲೆ ಯಾರದೋ ಟವೆಲ್ ಬಿದ್ದಿತ್ತು. ಆಗ ಆ ಅಜ್ಜಿ ನೆನಪಾದರು! ಟವೆಲನ್ನು ಗಡಿಬಿಡಿಯಲ್ಲೇ ನೀಟಾಗಿ ಮಡಿಸಿ, ಮುಖದಲ್ಲಿ ಕರುಣೆ ತಂದುಕೊಂಡು ಕಂಡಕ್ಟರ ಕೈಗಿತ್ತೆ. "ಯಾರೋ ಮರ್ತೋಗವ್ರೆ ಸಾ, ಪಾಪ."

ತಿರುಗಿ ನೋಡುವಷ್ಟರಲ್ಲಿ ಹಲಸಿನ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬರು ಆ ಸೀಟಿನಲ್ಲಿ ಕೂತಾಗಿತ್ತು. ಕಂಡಕ್ಟರು ಟವೆಲ್ ಕೊಡವಿದರು. ತುದಿಯಲ್ಲಿ ಚೀಟಿಯೊಂದು ತೂಗಾಡಿತು.

"ಯಾರ್ರೀ ಇಲ್ಲಿ ಲೋಕೇಶ?"

ಕಿಟಕಿಯ ಹೊರಗೆ, ಟವೆಲ್ ಎಸೆದ ಕೈಯನ್ನು ಇನ್ನೂ ಇಳಿಸದೆ, ಚಿಕ್ಕವ್ವ ನನ್ನನ್ನೇ ನೋಡುತ್ತಿದ್ದಳು.

ಶೆಟ್ಟಿಹಳ್ಳಿಯವರೆಗೂ ಇಬ್ಬರೂ ನಿಂತೇ ಹೋದೆವು. ಕಿಟಕಿಯಲ್ಲಿ ದಾರಿಯುದ್ದಕ್ಕೂ ಎಲ್ಲವನ್ನೂ ನೋಡಿದ್ದು ಆ ಹಲಸಿನ ಹಣ್ಣು. ಇಳಿಯುವಾಗ ಚಿಕ್ಕವ್ವ ಬಾಯಿ ಬಿಟ್ಟಳು:

"ನೀನೂ ನಮ್ ಅಂಗ್ಡಿ ಔಷ್ದಿ ಡಬ್ಬಿ ಇದ್ದಂಗೇ ಕಣ್ಲಾ. ನಿನ್ ಬೆನ್ ಮೇಲೂ ಬರೀಬೇಕು, ಕಿಟಕಿಯಿಂದ ದೂರವಿಡಿ ಅಂತ."